ಸೀಟು ಸಿಕ್ಕಿದೆ, ಮೊದಲ ಮೂರು ತಿಂಗಳು ದಾಟುವುದು ಹೇಗೆ? ವೆಟರ್ನರಿ ಓದಲು ಬರುವ ನಮ್ಮ ಹಟ್ಟಿ, ಕೇರಿ ಮಕ್ಕಳ ಬಗ್ಗೆ

ಹಟ್ಟಿಹುಡುಗ, ಸಹಕಾರನಗರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮೂರು ಚಿತ್ರದುರ್ಗ ಜಿಲ್ಲೆಯ ಒಂದು ಹಟ್ಟಿ. ನಮ್ಮದು ಕುರಿ ಕಾಯುವ ಮನೆ. ಈಗ ನಾನು ಬೆಂಗಳೂರಿನಲ್ಲಿ ನಾಯಿ, ಬೆಕ್ಕು ನೋಡುವ ಕ್ಲಿನಿಕ್‌ನಲ್ಲಿ ಡಾಕ್ಟರ್. ಹೋದ ವಾರ ಪಕ್ಕದ ಹಟ್ಟಿಯ ಹುಡುಗಿಯೊಬ್ಬಳು ಫೋನ್ ಮಾಡಿದಳು. ಹೆಬ್ಬಾಳದ ವೆಟರ್ನರಿ ಕಾಲೇಜಿನಲ್ಲಿ ಸೀಟು ಸಿಕ್ಕಿದೆಯಂತೆ. ಅಪ್ಪ ಬೇರೆಯವರ ಕುರಿ ಕಾಯುತ್ತಾರೆ, ಅಮ್ಮ ಕೂಲಿಗೆ ಹೋಗುತ್ತಾರೆ. ಸುದ್ದಿ ಕೇಳಿ ನನಗೆ ಕಣ್ಣಲ್ಲಿ ನೀರು ಬಂತು. ಅವಳು ಮಾತ್ರ ಮೆಲ್ಲಗೆ ಒಂದೇ ಪ್ರಶ್ನೆ ಕೇಳಿದಳು. "ಅಣ್ಣಾ, ಸ್ಕಾಲರ್‌ಶಿಪ್ ದುಡ್ಡು ಸೇರಿಕೊಳ್ಳುವ ಮುಂಚೆ ಬರುತ್ತದಾ, ಆಮೇಲೆ ಬರುತ್ತದಾ?"

ಆಮೇಲೆ ಬರುತ್ತದೆ. ನಾನು ಇದನ್ನು ಬರೆಯಲು ಕೂತಿದ್ದೇ ಈ "ಆಮೇಲೆ" ಅನ್ನುವ ಮಾತಿಗೆ.

ನಾನು ಓದಿದ್ದು ಯಾವ ಕಾಲೇಜು ಅಂತ ಬೇಡ. ಮೊದಲ ವರ್ಷ ಸೇರಿದಾಗ ಅಪ್ಪ ಎರಡು ಟಗರು ಮಾರಿ ಕೊಟ್ಟ ದುಡ್ಡು ಫೀಸು, ಮೆಸ್ ಡೆಪಾಸಿಟ್‌ಗೆ ಮುಗಿದುಹೋಯಿತು. ಎರಡನೇ ವಾರ ಫಾರ್ಮ್ ಡ್ಯೂಟಿ ಹಾಕಿದರು. ಗಮ್ ಬೂಟು ಇಲ್ಲದೆ ಕೊಟ್ಟಿಗೆಯೊಳಗೆ ಬಿಡುವುದಿಲ್ಲ. ಸೀನಿಯರ್ ಒಬ್ಬರು ತಮ್ಮ ಹಳೇ ಬೂಟು ಕೊಟ್ಟರು. ಅವರದು 9, ನನ್ನದು 7. ಮುಂದೆ ನ್ಯೂಸ್‌ಪೇಪರ್ ತುರುಕಿಕೊಂಡು ಬೆಳಗಿನ ಐದೂವರೆಗೆ ನಡೆಯುತ್ತಿದ್ದೆ. ಗಂಜಲದ ನೀರು ಒಳಗೆ ಹೋದರೆ ಪೇಪರ್ ಮುದ್ದೆಯಾಗಿ ಕಾಲಿಗೆ ಅಂಟಿಕೊಳ್ಳುತ್ತಿತ್ತು. ಏಪ್ರನ್ ಒಂದೇ. ಅನಾಟಮಿ ಹಾಲ್‌ನಿಂದ ಬಂದ ಮೇಲೆ ಹೆಣ ಕೆಡದಂತೆ ಹಾಕುವ ಫಾರ್ಮಲಿನ್ ವಾಸನೆ ಹೋಗಲಿ ಅಂತ ರಾತ್ರಿ ಒಗೆದು ಫ್ಯಾನಿನ ಕೆಳಗೆ ಹಾಕುವುದು, ಬೆಳಿಗ್ಗೆ ಅರ್ಧ ಒದ್ದೆಯಲ್ಲೇ ಹಾಕಿಕೊಂಡು ಹೋಗುವುದು. ಮೆಸ್ ಬಿಲ್ ಬಾಕಿ ಇದ್ದವರ ಹೆಸರು ಬೋರ್ಡಿನ ಮೇಲೆ ಬರೆಯುತ್ತಿದ್ದರು. ಮೂರು ತಿಂಗಳು ನನ್ನ ಹೆಸರು ಅಲ್ಲಿತ್ತು. ಆ ಬೋರ್ಡು ಕಣ್ಣಿಗೆ ಬೀಳಬಾರದು ಅಂತ ಹಿಂದಿನ ಬಾಗಿಲಿಂದ ಊಟಕ್ಕೆ ಹೋಗುತ್ತಿದ್ದೆ. ಸ್ಕಾಲರ್‌ಶಿಪ್ ಬಂತು, ಸುಳ್ಳು ಹೇಳುವುದಿಲ್ಲ, ಪೂರ್ತಿ ಬಂತು. ಆದರೆ ಅದು ಖಾತೆಗೆ ಬಿದ್ದಾಗ ವರ್ಷದ ಪರೀಕ್ಷೆಯೇ ಮುಗಿಯುತ್ತಾ ಬಂದಿತ್ತು.

ಈ ಕೋರ್ಸ್ ಐದೂವರೆ ವರ್ಷ. ನಾಲ್ಕೂವರೆ ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್. ಬೆಳಿಗ್ಗೆ ಫಾರ್ಮು, ಆಮೇಲೆ ಥಿಯರಿ, ಮಧ್ಯಾಹ್ನ ಪ್ರಾಕ್ಟಿಕಲ್. ಪಾರ್ಟ್ ಟೈಮ್ ಕೆಲಸ ಮಾಡಿ ಓದುತ್ತೇನೆ ಅಂದರೆ ಅದಕ್ಕೆ ಜಾಗವೇ ಇಲ್ಲ. ಹಾಗಾಗಿ ನನ್ನ ಪ್ರಶ್ನೆ ಒಂದೇ. ಸರ್ಕಾರದ ದುಡ್ಡು ಬರುವವರೆಗೆ ಒಂದು ಕೈಗಡದ ವ್ಯವಸ್ಥೆ ಬೆಂಗಳೂರಿನಲ್ಲಿರುವ ನಾವೇ ಮಾಡಬಹುದಲ್ವಾ? ಈ ಹುಡುಗಿಯಿಂದಲೇ ಶುರು ಮಾಡೋಣ ಅಂತ ನನ್ನ ಆಸೆ. ಗೊತ್ತಿರುವವರು ದಾರಿ ಹೇಳಿ.

ಸೈಬರ್ ಅಕ್ಕ, ಗಂಗಾನಗರ

ನಾನು ಹನ್ನೊಂದು ವರ್ಷದಿಂದ ಆನ್‌ಲೈನ್ ಸೆಂಟರ್ ಇಟ್ಟುಕೊಂಡಿದ್ದೇನೆ. ಸುತ್ತಮುತ್ತಲಿನ ಹಾಸ್ಟೆಲ್ ಮಕ್ಕಳು ಎಸ್‌ಎಸ್‌ಪಿ, ಅಂದರೆ ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್‌ಗೆ ಅರ್ಜಿ ಹಾಕುವುದು ಇಲ್ಲೇ. ದುಡ್ಡು ತಡವಾಗುವುದರಲ್ಲಿ ಸರ್ಕಾರದ ಪಾಲು ಎಷ್ಟೋ ಇದೆ, ಅದು ನಮ್ಮ ಕೈಯಲ್ಲಿಲ್ಲ. ಆದರೆ ಅರ್ಧಕ್ಕರ್ಧ ಮಕ್ಕಳಿಗೆ ತಡವಾಗುವುದು ಕಾಗದಪತ್ರದ ಸಣ್ಣ ತಪ್ಪಿನಿಂದ. ಆ ಹುಡುಗಿಗೆ ಬೆಂಗಳೂರು ಬಸ್ ಹತ್ತುವ ಮುಂಚೆ ಇಷ್ಟು ಮಾಡಿಸಿ.

ಆಧಾರ್‌ನಲ್ಲಿ ಮತ್ತು ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಹೆಸರು ಒಂದೇ ರೀತಿ ಇದೆಯಾ ನೋಡಿ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೂ ಸಾಕು, ಅರ್ಜಿ ಅಲ್ಲೇ ನಿಲ್ಲುತ್ತದೆ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಹೊಸದಾಗಿ ತೆಗೆಸಿ, ಅದರ ಮೇಲಿರುವ ಆರ್‌ಡಿ ನಂಬರ್ ಫೋನಿನಲ್ಲಿ ಬರೆದಿಟ್ಟುಕೊಳ್ಳಲಿ. ಆದಾಯ ಪ್ರಮಾಣಪತ್ರಕ್ಕೆ ಅವಧಿ ಇದೆ. ಹೈಸ್ಕೂಲಿನಲ್ಲಿ ಮಾಡಿಸಿದ್ದು ಕಾಲೇಜಿನ ನಡುವೆ ಮುಗಿದುಹೋಗುತ್ತದೆ, ಯಾರೂ ಗಮನಿಸುವುದಿಲ್ಲ.

ಇನ್ನು ಬ್ಯಾಂಕು. ಇದು ಎಲ್ಲಕ್ಕಿಂತ ಮುಖ್ಯ. ಸ್ಕಾಲರ್‌ಶಿಪ್ ಬರುವುದು ಅರ್ಜಿಯಲ್ಲಿ ಬರೆದ ಖಾತೆಗೆ ಅಂತ ಮಕ್ಕಳು ತಿಳಿದಿರುತ್ತಾರೆ. ಹಾಗಲ್ಲ. ಆಧಾರ್ ಯಾವ ಖಾತೆಗೆ ಜೋಡಣೆ ಆಗಿದೆಯೋ ಅಲ್ಲಿಗೇ ಹೋಗುತ್ತದೆ. ಹೋದ ವರ್ಷ ಒಬ್ಬ ಹುಡುಗ ಆರು ತಿಂಗಳಿಂದ ದುಡ್ಡು ಬಂದಿಲ್ಲ ಅಂತ ಅಳುತ್ತಾ ಬಂದ. ಸರ್ಕಾರದ ದುಡ್ಡು ಯಾವ ಖಾತೆಗೆ ಬಂತು ಅಂತ ತೋರಿಸುವ ಡಿಬಿಟಿ ಕರ್ನಾಟಕ ಆ್ಯಪ್ ತೆಗೆದು ನೋಡಿದರೆ ದುಡ್ಡು ನವೆಂಬರ್‌ನಲ್ಲೇ ಬಂದಿದೆ. ಅವನು ಏಳನೇ ಕ್ಲಾಸಿನಲ್ಲಿ ಊರಿನಲ್ಲಿ ತೆರೆದಿದ್ದ ಖಾತೆಯಲ್ಲಿ ಸುಮ್ನೆ ಕೂತಿತ್ತು. ಪಾಸ್‌ಬುಕ್ ಅಜ್ಜಿಯ ಟ್ರಂಕಿನಲ್ಲಿತ್ತಂತೆ. ಆ ಆರು ತಿಂಗಳು ಅವನು ರಾತ್ರಿ ಊಟ ಬಿಟ್ಟು ಓದಿದ್ದ.

ಕಾಲೇಜಿಗೆ ಸೇರಿದ ಮೇಲೆ ಇ-ಅಟೆಸ್ಟೇಷನ್, ಅಂದರೆ ದಾಖಲೆಗಳ ಆನ್‌ಲೈನ್ ದೃಢೀಕರಣ ಮಾಡಿಸಬೇಕು. ಅದನ್ನು ಮಾಡುವ ಅಧಿಕಾರಿ ಯಾರು ಅಂತ ಮೊದಲ ವಾರವೇ ಕೇಳಿಕೊಳ್ಳಲಿ, ಕೊನೇ ದಿನಕ್ಕೆ ಬಿಡಬಾರದು. ಎಸ್‌ಸಿ ಮಕ್ಕಳಿಗೆ ಪೋಸ್ಟ್ ಮೆಟ್ರಿಕ್‌ನಲ್ಲಿ, ಅಂದರೆ ಎಸ್‌ಎಸ್‌ಎಲ್‌ಸಿ ನಂತರದ ಸ್ಕಾಲರ್‌ಶಿಪ್‌ನಲ್ಲಿ, ಕೇಂದ್ರದ ಪಾಲು 60 ಪರ್ಸೆಂಟ್, ರಾಜ್ಯದ್ದು 40. ಎರಡೂ ಒಂದೇ ದಿನ ಬರುವುದಿಲ್ಲ. ಒಂದು ಬಂದಾಗ ಇಷ್ಟೇನಾ ಅಂತ ಗಾಬರಿ ಬೀಳಬೇಡಿ. ಹಿಂದುಳಿದ ವರ್ಗದವಳಾಗಿದ್ದು ಹಾಸ್ಟೆಲ್ ಸಿಗದಿದ್ದರೆ ಊಟ, ವಸತಿಗೆ ದುಡ್ಡು ಕೊಡುವ ವಿದ್ಯಾಸಿರಿ ಯೋಜನೆಗೆ ಹಾಕಬಹುದು. ಅದು ಶುರುವಾದಾಗ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಕೊಡುತ್ತಿದ್ದರು. ಅವಳು ಓದಿದ್ದು ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಾ? ಹಾಗಿದ್ದರೆ ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್‌ಗೂ ಹಾಕಿಸಿ. ಮೊದಲ ವರ್ಷದ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ಕೊಡುತ್ತಾರೆ.

ನನ್ನ ಅಂಗಡಿಗೆ ಕಳಿಸಿ. ಅವಳ ಅರ್ಜಿಗೆ ಒಂದು ರೂಪಾಯಿಯೂ ತೆಗೆದುಕೊಳ್ಳುವುದಿಲ್ಲ.

ನಾಗರಬಾವಿ ಅಪ್ಪ

ಬೇಜಾರು ಮಾಡಿಕೊಳ್ಳಬೇಡಿ, ಮನಸ್ಸಿನಲ್ಲಿರುವುದು ಹೇಳುತ್ತೇನೆ. ನನ್ನ ಮಗನೂ ವೆಟರ್ನರಿ ಓದುತ್ತಿದ್ದಾನೆ, ಬೇರೆ ಜಿಲ್ಲೆಯಲ್ಲಿ. ಜನರಲ್ ಮೆರಿಟ್. ನಾನು ಖಾಸಗಿ ಕಂಪನಿಯಲ್ಲಿ ಸಣ್ಣ ಕೆಲಸದಲ್ಲಿದ್ದೇನೆ, ಮನೆ ಬಾಡಿಗೆ ಕಟ್ಟಿ ಅವನಿಗೆ ಕಳಿಸುವಷ್ಟರಲ್ಲಿ ತಿಂಗಳ ಕೊನೆಗೆ ಏನೂ ಉಳಿಯುವುದಿಲ್ಲ. ಅವನಿಗೂ ಬೂಟು ಬೇಕು, ಏಪ್ರನ್ ಬೇಕು. ಸಹಾಯ ಅಂತ ಬಂದಾಗ ಯಾವ ಹಟ್ಟಿ, ಯಾವ ಕೇರಿ ಅಂತ ಯಾಕೆ ನೋಡಬೇಕು? ಬಡತನ ನೋಡಿದರೆ ಸಾಲದಾ?

ಹಟ್ಟಿಹುಡುಗ

ಸರ್, ಬೇಜಾರು ಖಂಡಿತ ಇಲ್ಲ. ನಿಮ್ಮ ಮಗನಿಗೂ ಬೂಟು ಬೇಕಾದರೆ ಕೊಡುತ್ತೇವೆ, ಜಾತಿ ಕೇಳಿ ಕೊಡುವುದಿಲ್ಲ.

ಒಂದು ವ್ಯತ್ಯಾಸ ಮಾತ್ರ ನನಗೆ ಕಾಣುತ್ತದೆ. ನಿಮ್ಮ ಮಗನಿಗೆ ತಿಂಗಳ ಕೊನೆಯಲ್ಲಿ ಕಷ್ಟವಾದರೆ ನಿಮಗೆ ಫೋನ್ ಮಾಡುತ್ತಾನೆ. ನೀವು ಆಫೀಸಿನಲ್ಲಿ ಯಾರ ಹತ್ತಿರವಾದರೂ ಐದು ಸಾವಿರ ಕೇಳಿ ಕಳಿಸುತ್ತೀರಿ. ನಮ್ಮಪ್ಪನಿಗೆ ಕೇಳಲು ಅಂಥವರು ಇರಲಿಲ್ಲ. ಇದ್ದದ್ದು ವಾರಕ್ಕೆ ಬಡ್ಡಿ ಕಟ್ಟಿಸಿಕೊಳ್ಳುವವರು ಮಾತ್ರ. ಮನೆತನದಲ್ಲಿ ಮೂರು ತಲೆಮಾರಿನಿಂದ ಯಾರೂ ಸಂಬಳ ಕಂಡಿಲ್ಲದಿದ್ದರೆ ಬಡತನ ಇನ್ನೊಂದು ಥರ ಇರುತ್ತದೆ. ಫಾರಂ ಎಲ್ಲಿ ಸಿಗುತ್ತದೆ, ಯಾರನ್ನು ಕೇಳಬೇಕು, ಕೇಳಿದರೆ ಬೈಯುತ್ತಾರಾ ಅನ್ನುವುದೂ ಗೊತ್ತಿರುವುದಿಲ್ಲ. ನಮ್ಮ ಬ್ಯಾಚಿನಲ್ಲಿ ಕುರಿ ಕಾಯುವ ಮನೆಯಿಂದ ಬಂದವನು ನಾನೊಬ್ಬನೇ ಇದ್ದೆ ಸರ್. ಕುರಿ ಬಗ್ಗೆ ಪಾಠ ನಡೆಯುವಾಗ ಎಲ್ಲರೂ ನನ್ನ ಕಡೆ ತಿರುಗಿ ನೋಡುತ್ತಿದ್ದರು.

ಹಳೇ ಡಾಕ್ಟರ್, ಯಲಹಂಕ

ನಿವೃತ್ತನಾಗಿ ಒಂಬತ್ತು ವರ್ಷ ಆಯಿತು. ಹೆಬ್ಬಾಳದಲ್ಲೇ ಓದಿದವನು. 1958ರಲ್ಲಿ ಶುರುವಾದ ಕಾಲೇಜು ಅದು. ನಾವು ಓದುವಾಗ ಕೃಷಿ ವಿಶ್ವವಿದ್ಯಾಲಯದ ಕೈಕೆಳಗಿತ್ತು, ಬೀದರ್‌ನ ಪಶುವೈದ್ಯ ವಿಶ್ವವಿದ್ಯಾಲಯ ಆಗಿದ್ದು ಬಹಳ ಆಮೇಲೆ.

ನಾಗರಬಾವಿಯವರ ಪ್ರಶ್ನೆಗೆ ನಾನು ಬೇರೆ ಕಡೆಯಿಂದ ಉತ್ತರ ಹೇಳುತ್ತೇನೆ. 2019ರ ಜಾನುವಾರು ಗಣತಿಯಲ್ಲಿ ನಮ್ಮ ರಾಜ್ಯದಲ್ಲಿ 1 ಕೋಟಿ 10 ಲಕ್ಷದಷ್ಟು ಕುರಿಗಳಿದ್ದವು. ಅವುಗಳನ್ನು ಸಾಕುವವರು ಯಾರು? ಬಹುಪಾಲು ಹಟ್ಟಿಯವರು, ಅಲೆಮಾರಿ ಕುರಿಗಾರರು, ಭೂಮಿ ಇಲ್ಲದವರು. ಮುಂಗಾರು ಮುಗಿದರೆ ಮಂದೆ ಹೊಡೆದುಕೊಂಡು ಊರೂರು ಅಲೆಯುತ್ತಾರೆ. ಅವರ ಮಂದೆಯಲ್ಲಿ ನೀಲಿನಾಲಿಗೆ ರೋಗ ಬಂದರೆ ಯಾವ ಆಸ್ಪತ್ರೆಗೆ ಹೋಗಬೇಕು? ಈ ವಾರ ಒಂದು ತಾಲೂಕು, ಮುಂದಿನ ವಾರ ಇನ್ನೊಂದು. ಡಾಕ್ಟರ್ ಹತ್ತಿರ ಬರುವುದಕ್ಕೇ ಸಂಕೋಚ.

ನಾನು ಸರ್ವಿಸಿನಲ್ಲಿದ್ದಾಗ ಒಂದು ಸಲ ಮಂದೆಗೆ ಲಸಿಕೆ ಹಾಕಲು ಹೋಗಿದ್ದೆ. ಬೆಳಿಗ್ಗೆ ಏಳಕ್ಕೆ ಹೋದರೆ ಹತ್ತಾದರೂ ಒಂದು ಕುರಿಗೂ ಹಾಕಲು ಬಿಡಲಿಲ್ಲ. ಲಸಿಕೆ ಹಾಕಿದರೆ ಗಬ್ಬದ ಕುರಿ ಕಂದು ಹಾಕುತ್ತದೆ ಅಂತ ಹೆದರಿಕೆ. ನನ್ನ ಜೊತೆ ಒಬ್ಬ ಇಂಟರ್ನ್ ಹುಡುಗ ಇದ್ದ, ಕುರಿಗಾರರ ಮನೆಯವನೇ. ಅವನು ಏನೂ ಭಾಷಣ ಮಾಡಲಿಲ್ಲ. ಮಂದೆಯೊಳಗೆ ಹೋಗಿ ಒಂದು ಕುರಿಯ ಹಿಂಗಾಲು ಹಿಡಿದು, ಮಂಡಿಯ ನಡುವೆ ಕೂರಿಸಿಕೊಂಡು, ಗೊರಸು ನೋಡಿ, "ಇದಕ್ಕೆ ಮಣ್ಣು ಕಚ್ಚಿದೆ ಮಾಮ, ಎಷ್ಟು ದಿನ ಆಯಿತು ಕುಂಟುತ್ತಾ?" ಅಂದ. ಹಿಡಿದ ರೀತಿ ನೋಡಿಯೇ ಮುದುಕನ ಮುಖ ಸಡಿಲವಾಯಿತು. ಹನ್ನೆರಡರೊಳಗೆ ಮುನ್ನೂರು ಕುರಿಗೆ ಲಸಿಕೆ ಮುಗಿಯಿತು. ಇಪ್ಪತ್ತು ವರ್ಷ ಸರ್ವಿಸ್ ಮಾಡಿದ್ದ ನನ್ನಿಂದ ಆಗದ್ದು ಅದು.

ಇಂಥ ಹುಡುಗ ಮೆಸ್ ಬಿಲ್‌ಗೆ ಹೆದರಿ ಮೊದಲ ವರ್ಷವೇ ಬಿಟ್ಟು ಹೋದರೆ ನಷ್ಟ ಅವನೊಬ್ಬನದಲ್ಲ. 2024ರಲ್ಲಿ ಕೆಪಿಎಸ್‌ಸಿ 400 ಪಶುವೈದ್ಯಾಧಿಕಾರಿ ಹುದ್ದೆಗೆ ಅರ್ಜಿ ಕರೆಯಿತು. ಆ ಜಾಗಗಳಿಗೆ ಹಟ್ಟಿಯ ಮಕ್ಕಳು ಬರಬೇಕು ಅಂದರೆ ಮೊದಲು ಡಿಗ್ರಿ ಮುಗಿಸಬೇಕಲ್ವಾ.

ಒಂದು ಮಾತು ಮಾತ್ರ ಒಪ್ಪುವುದಿಲ್ಲ. ಕೈಗಡ ಬೇಡ. ಸಾಲ ಅನ್ನುವ ಪದವೇ ಆ ಮಕ್ಕಳಿಗೆ ಮನೆಯಿಂದ ಹೊತ್ತು ತಂದ ಭಾರ. ಕೊಡುವುದಾದರೆ ಕೊಟ್ಟುಬಿಡಿ.

ಬ್ಯಾಂಕ್ ಕೌಂಟರ್ 3

ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ಯಾವ ಬ್ಯಾಂಕು ಅಂತ ಹೇಳುವುದಿಲ್ಲ. ಶಿಕ್ಷಣ ಸಾಲದ ಬಗ್ಗೆ ಊರ ಕಡೆಯ ಶಾಖೆಗಳಲ್ಲಿ ಮಕ್ಕಳಿಗೆ ತಪ್ಪು ಹೇಳಿ ಕಳಿಸುವುದು ನನ್ನ ಕಣ್ಣಾರೆ ಕಂಡಿದ್ದೇನೆ. "ಜಮೀನಿನ ಪಹಣಿ ತನ್ನಿ, ಜಾಮೀನುದಾರರನ್ನು ಕರೆತನ್ನಿ" ಅನ್ನುತ್ತಾರೆ. 4 ಲಕ್ಷದವರೆಗೆ ಅಡಮಾನವೂ ಬೇಡ, ಮೂರನೆಯವರ ಜಾಮೀನೂ ಬೇಡ. ತಂದೆ ಅಥವಾ ತಾಯಿ ಜೊತೆಗೆ ಸಹಿ ಹಾಕಿದರೆ ಸಾಕು. ಸರ್ಕಾರದ ಗ್ಯಾರಂಟಿ ನಿಧಿ ಇರುವುದರಿಂದ ಏಳೂವರೆ ಲಕ್ಷದವರೆಗೂ ಅಡಮಾನ ಇಲ್ಲದೆ ಕೊಡಬಹುದು. ಶಿಕ್ಷಣ ಸಾಲಕ್ಕೆಂದೇ ಇರುವ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ ಶಾಖೆಯವರು ಬಾಯಿಮಾತಿನಲ್ಲಿ ಇಲ್ಲ ಅನ್ನಲಾಗುವುದಿಲ್ಲ, ತಿರಸ್ಕರಿಸಿದರೆ ಕಾರಣ ಬರೆಯಬೇಕಾಗುತ್ತದೆ. ಅದಕ್ಕೇ ನಾನು ಎಲ್ಲರಿಗೂ ಪೋರ್ಟಲ್ ಮೂಲಕವೇ ಹಾಕಿ ಅನ್ನುವುದು. ಮನೆಯ ವರ್ಷದ ಆದಾಯ 4.5 ಲಕ್ಷದ ಒಳಗಿದ್ದರೆ ಓದುವ ಅವಧಿಯ ಬಡ್ಡಿಗೆ ಕೇಂದ್ರದ ಸಬ್ಸಿಡಿ ಯೋಜನೆ ಇದೆ. ಇದನ್ನು ಕೇಳದಿದ್ದರೆ ಯಾರೂ ತಾವಾಗಿ ಹೇಳುವುದಿಲ್ಲ.

ಅರಿವು ಸಾಲವನ್ನೂ ಮರೆಯಬೇಡಿ. ಸಿಇಟಿಯಿಂದ ವೃತ್ತಿಪರ ಕೋರ್ಸಿಗೆ ಸೇರಿದ ಹಿಂದುಳಿದ ವರ್ಗದ ಮಕ್ಕಳಿಗೆ ದೇವರಾಜ ಅರಸು ನಿಗಮ, ಅಲ್ಪಸಂಖ್ಯಾತ ಮಕ್ಕಳಿಗೆ ಅಲ್ಪಸಂಖ್ಯಾತರ ನಿಗಮ ಕೊಡುತ್ತದೆ. ಬಡ್ಡಿ 2 ಪರ್ಸೆಂಟ್.

ಆದರೂ ಹಟ್ಟಿಹುಡುಗ ಅವರ ಮಾತೇ ಸರಿ. ನಿಮ್ಮ ಹುಡುಗಿಯ ಮನೆಯಲ್ಲಿ ಯಾರಾದರೂ ಸಂಘದ ಸಾಲವೋ ಮೈಕ್ರೋಫೈನಾನ್ಸ್ ಸಾಲವೋ ತೆಗೆದು ಎರಡು ಕಂತು ತಪ್ಪಿಸಿದ್ದರೆ ಸಿಬಿಲ್, ಅಂದರೆ ಸಾಲ ತೀರಿಸಿದ ದಾಖಲೆಯ ಅಂಕ ಕೆಟ್ಟಿರುತ್ತದೆ, ಕಡತ ಅಲ್ಲೇ ಮಲಗುತ್ತದೆ. ಎಲ್ಲ ಸರಿ ಇದ್ದರೂ ಮಂಜೂರಾಗಿ ಮೊದಲ ಕಂತು ಬರುವಷ್ಟರಲ್ಲಿ ಕ್ಲಾಸ್ ಶುರುವಾಗಿ ಎರಡು ತಿಂಗಳಾಗಿರುತ್ತದೆ. ಸಾಲದ ದುಡ್ಡು ಕಾಲೇಜಿನ ಖಾತೆಗೆ ನೇರ ಹೋಗುತ್ತದೆ, ಬೂಟಿಗೂ ಬಸ್ಸಿಗೂ ಕೈಯಲ್ಲಿ ಏನೂ ಇರುವುದಿಲ್ಲ. ಬಸ್ಸಿಗೆ ಈಗ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಇದೆ, ಊರಿಗೆ ಹೋಗಿಬರುವ ಖರ್ಚು ಉಳಿಯಿತು. ಗಂಡುಮಕ್ಕಳಿಗೆ ಅದೂ ಇಲ್ಲ.

ಮೂರನೇ ವರ್ಷ

ಹೆಸರು ಹೇಳದೆ ಬರೆಯುತ್ತಿದ್ದೇನೆ, ಕ್ಷಮಿಸಿ. ನಾನು ಈಗ ಓದುತ್ತಿರುವವಳು. ಕಾಲೇಜಿನ ಹೆಸರೂ ಬೇಡ. ರಾಯಚೂರು ಕಡೆಯವಳು, ಎಸ್‌ಸಿ, ಕನ್ನಡ ಮಾಧ್ಯಮ.

ಸ್ಕಾಲರ್‌ಶಿಪ್ ಬಂದ ದಿನ ನಾನು ಏನು ಮಾಡುತ್ತೇನೆ ಗೊತ್ತಾ? ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಪಟ್ಟಿ ಇದೆ. ರೂಮ್‌ಮೇಟ್‌ಗೆ 1,200. ಜೆರಾಕ್ಸ್ ಅಂಗಡಿ ಅಂಕಲ್‌ಗೆ 640. ಮೆಸ್ ಬಾಕಿ. ಅವ್ವನ ಔಷಧಿಗೆ ಅಂತ ಊರಿಗೆ 4,000. ಸಂಜೆಯೊಳಗೆ ಖಾತೆ ಖಾಲಿ, ಮಾರನೇ ದಿನದಿಂದ ಮತ್ತೆ ಹೊಸ ಪಟ್ಟಿ. ವರ್ಷದ ದುಡ್ಡು ವರ್ಷದ ಕೊನೆಗೆ ಬಂದರೆ ಅದು ಬರೀ ಹಳೇ ಸಾಲ ತೀರಿಸುತ್ತದೆ. ನಾನು ಮೂರು ವರ್ಷದಿಂದ ಒಂದು ವರ್ಷ ಹಿಂದೆಯೇ ಬದುಕುತ್ತಿದ್ದೇನೆ.

ಹಟ್ಟಿಹುಡುಗ ಅಣ್ಣ ಬೂಟಿನ ಬಗ್ಗೆ ಬರೆದಿದ್ದು ಓದಿ ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ. ನನ್ನದು ಸ್ಟೆತೊಸ್ಕೋಪ್. ಮೆಡಿಸಿನ್ ಕ್ಲಿನಿಕ್ಸ್‌ನಲ್ಲಿ ಎಲ್ಲರ ಕುತ್ತಿಗೆಯಲ್ಲೂ ಇರುತ್ತದೆ. ನಾನು ಗೆಳತಿ ಕೇಳಿಸಿಕೊಂಡು ಮುಗಿಸುವವರೆಗೆ ಕಾಯಬೇಕು. ಅವಳು ಮುಗಿಸಿ ಕೊಡುವಷ್ಟರಲ್ಲಿ ಹಸು ಹೊರಟುಹೋಗಿರುತ್ತದೆ. ಹಸುವಿನ ಎಡಪಕ್ಕೆಯಲ್ಲಿ ಮೆಲುಕಿನ ಚೀಲ ಗುಡುಗುವ ಸದ್ದು ನಾನು ಚಿಕ್ಕವಳಿದ್ದಾಗ ಕಿವಿ ಇಟ್ಟು ಕೇಳುತ್ತಿದ್ದೆ. ಇಲ್ಲಿ ಅದನ್ನು ಸರಿಯಾಗಿ ಕೇಳಲು ಎರಡನೇ ವರ್ಷದ ಕೊನೆಯಾಯಿತು.

ಸ್ಟಡಿ ಟೂರಿಗೆ ಹೆಸರು ಕೊಡುವಾಗ ಜ್ವರ ಅಂತ ಹೇಳಿದೆ. ಎಲ್ಲರೂ ನಂಬಿದರು. ದುಡ್ಡಿಲ್ಲ ಅಂದಿದ್ದರೆ ಬಹುಶಃ ಮೇಷ್ಟ್ರೇ ಕೊಡುತ್ತಿದ್ದರು. ಆದರೆ ಹೇಳಲು ಬಾಯಿ ಬರಲಿಲ್ಲ.

ಹಳೇ ಡಾಕ್ಟರ್ ಸರ್, ನಿಮ್ಮ ಮಾತಿಗೆ ಎದುರು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಸುಮ್ಮನೆ ಕೊಡುತ್ತೇವೆ ಅಂದರೆ ನಾನು ಕೇಳುವುದಿಲ್ಲ. ನನಗಿಂತ ಕಷ್ಟದಲ್ಲಿರುವವರು ತೆಗೆದುಕೊಳ್ಳಲಿ ಅನಿಸುತ್ತದೆ. ಕೊಟ್ಟವರ ಮುಂದೆ ತಲೆ ಎತ್ತಿ ನಡೆಯುವುದೂ ಕಷ್ಟ. ಕೈಗಡ ಅಂದರೆ ಕೇಳಬಹುದು. ತೀರಿಸುತ್ತೇನೆ ಅನ್ನುವ ಧೈರ್ಯದಲ್ಲಿ ಕೇಳಬಹುದು.

ಹಳೇ ಡಾಕ್ಟರ್, ಯಲಹಂಕ

ಮಗಳೇ, ನೀನು ಹೇಳಿದ್ದು ನನಗೆ ಹೊಳೆದಿರಲಿಲ್ಲ. ನಮ್ಮ ಕಾಲದಲ್ಲಿ ಊರಿನಿಂದ ಬಂದ ಹುಡುಗರು ವಾರಾನ್ನ ಉಂಡು ಓದುತ್ತಿದ್ದ ಕಥೆಗಳನ್ನು ಹಿರಿಯರು ಹೆಮ್ಮೆಯಿಂದ ಹೇಳುತ್ತಿದ್ದರು. ದಿನಕ್ಕೊಂದು ಮನೆ. ಆದರೆ ಎಲ್ಲರಿಗೂ ಎಲ್ಲರ ಮನೆಯೂ ತೆರೆದಿರಲಿಲ್ಲ. ನಮ್ಮ ಬ್ಯಾಚಿನ ಒಬ್ಬ ಇದನ್ನು ಹೇಳುವಾಗೆಲ್ಲ ಎದ್ದು ಹೊರಗೆ ಹೋಗುತ್ತಿದ್ದ. ಯಾಕೆ ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತು.

ಸ್ಟೆತೊಸ್ಕೋಪ್ ನನ್ನದು ಇದೆ. ಟ್ಯೂಬ್ ಹೊಸದು ಹಾಕಿಸಿ ಕೊಡುತ್ತೇನೆ. ಇದು ಕೈಗಡ ಅಂತಲೇ ಇಟ್ಟುಕೋ. ಡಿಗ್ರಿ ಮುಗಿದ ಮೇಲೆ ಜೂನಿಯರ್‌ಗೆ ಕೊಡು.

ಲ್ಯಾಬ್ ಕೋಟ್, ಆರ್.ಟಿ. ನಗರ

ನಾನು ವೆಟರ್ನರಿ ಪೆಥಾಲಜಿಯವಳು, ಕೆಲವು ವರ್ಷ ಅಮೆರಿಕದಲ್ಲಿ ಕೆಲಸ ಮಾಡಿದ್ದೆ. ಅಲ್ಲಿಯೂ ನಮ್ಮ ವೃತ್ತಿಯಲ್ಲಿ ಇದೇ ಗೋಳು. ಬಿಳಿಯರಲ್ಲದ ಡಾಕ್ಟರುಗಳು ಬಹಳ ಕಡಿಮೆ. ಅಲ್ಲಿ ಕೇಳಿದ ಒಬ್ಬರ ಕಥೆ ಹೇಳಲೇಬೇಕು.

ಫ್ರೆಡರಿಕ್ ಪ್ಯಾಟರ್ಸನ್ ಅಂತ, ಕಪ್ಪು ಜನಾಂಗದವರು, 1901ರಲ್ಲಿ ಹುಟ್ಟಿದವರು. ಮಗುವಾಗಿದ್ದಾಗಲೇ ತಂದೆ ತಾಯಿ ಇಬ್ಬರನ್ನೂ ಕ್ಷಯ ತೆಗೆದುಕೊಂಡು ಹೋಯಿತು, ಅಕ್ಕ ಸಾಕಿದರು. ಅಯೋವಾ ಸ್ಟೇಟ್ ಕಾಲೇಜಿನಲ್ಲಿ 1923ರಲ್ಲಿ ವೆಟರ್ನರಿ ಡಿಗ್ರಿ ಮುಗಿಸಿದರು. ಮುಂದೆ ಅಲಬಾಮಾದ ಟಸ್ಕೆಗೀ ಸಂಸ್ಥೆಯ ಅಧ್ಯಕ್ಷರಾದರು. ಕಪ್ಪು ಮಕ್ಕಳ ಕಾಲೇಜುಗಳೆಲ್ಲ ದುಡ್ಡಿಗೆ ಒದ್ದಾಡುತ್ತಿದ್ದ ಕಾಲ. 1943ರಲ್ಲಿ ಅವರು ಪತ್ರಿಕೆಯಲ್ಲಿ ಬರೆದರು: ಒಬ್ಬೊಬ್ಬರೇ ಬೇಡುವುದು ಬಿಟ್ಟು ಎಲ್ಲ ಕಾಲೇಜುಗಳೂ ಸೇರಿ ಒಂದೇ ನಿಧಿ ಮಾಡೋಣ, ಸಾಮಾನ್ಯ ಜನರಿಂದ ಸಣ್ಣ ಸಣ್ಣ ಮೊತ್ತ ಕೂಡಿಸೋಣ ಅಂತ. 1944ರಲ್ಲಿ ಯುನೈಟೆಡ್ ನೀಗ್ರೋ ಕಾಲೇಜ್ ಫಂಡ್ ಶುರುವಾಯಿತು, ಇವತ್ತಿಗೂ ನಡೆಯುತ್ತಿದೆ. ಮಾರನೇ ವರ್ಷ, 1945ರಲ್ಲಿ, ಟಸ್ಕೆಗೀಯಲ್ಲಿ ವೆಟರ್ನರಿ ಕಾಲೇಜು ತೆರೆದರು. ಅಮೆರಿಕದ ಕಪ್ಪು ಪಶುವೈದ್ಯರಲ್ಲಿ 70 ಪರ್ಸೆಂಟ್‌ನಷ್ಟು ಜನ ಓದಿದ್ದು ಆ ಒಂದೇ ಕಾಲೇಜಿನಲ್ಲಿ ಅನ್ನುತ್ತಾರೆ.

ಅಂಥ ದೊಡ್ಡ ನಿಧಿಯನ್ನು ಯೋಚಿಸಿದವರು ನಮ್ಮ ವೃತ್ತಿಯವರು. ತಿಂಗಳಿಗೆ 500 ಕೊಡುವ ನಲವತ್ತು ವೆಟರ್ನರಿ ಡಾಕ್ಟರುಗಳು ಬೆಂಗಳೂರಿನಲ್ಲಿ ಸಿಗುವುದಿಲ್ಲವೇ? ತಿಂಗಳಿಗೆ 20,000 ಆಯಿತು. ಆಗಸ್ಟ್‌ನಲ್ಲಿ ಶುರು ಮಾಡಿದರೂ ಡಿಸೆಂಬರ್‌ಗೆ 1 ಲಕ್ಷ. ನನ್ನ 500 ಬರೆದುಕೊಳ್ಳಿ.

ಮತ್ತೊಂದು. ಕಂಪನಿಗಳ ಸ್ಕಾಲರ್‌ಶಿಪ್ ಅರ್ಜಿಗಳಲ್ಲಿ "ನಿಮ್ಮ ಬಗ್ಗೆ ಇಂಗ್ಲಿಷ್‌ನಲ್ಲಿ ಐನೂರು ಪದ ಬರೆಯಿರಿ" ಅಂತ ಇರುತ್ತದೆ. ಕನ್ನಡ ಮಾಧ್ಯಮದ ಮಕ್ಕಳು ಅಲ್ಲೇ ಕೈಬಿಡುತ್ತಾರೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಮನೆಗೆ ಬನ್ನಿ. ನೀವು ಕನ್ನಡದಲ್ಲಿ ಹೇಳಿ, ಜೊತೆಗೆ ಕೂತು ಇಂಗ್ಲಿಷ್‌ನಲ್ಲಿ ಬರೆಯೋಣ.

ನಾಗರಬಾವಿ ಅಪ್ಪ

ಆದಾಯ ನೋಡಬೇಕು ಅನ್ನುವುದನ್ನು ನಾನು ಈಗಲೂ ಬಿಡುವುದಿಲ್ಲ. ಸರ್ಕಾರದ ರೈತ ವಿದ್ಯಾನಿಧಿ 2021ರಲ್ಲಿ ಬಂದಾಗ ಜಮೀನು ಇರುವ ರೈತರ ಮಕ್ಕಳಿಗೆ ಮಾತ್ರ ಇತ್ತು, 2,500ರಿಂದ 11,000ದವರೆಗೆ. ಕೂಲಿಯವರ ಮಕ್ಕಳನ್ನು ಸೇರಿಸಿದ್ದು ಆಮೇಲೆ. ಅಂದರೆ ಪಟ್ಟಿ ಮಾಡುವಾಗ ಯಾರೋ ಒಬ್ಬರು ಹೊರಗೆ ಉಳಿಯುತ್ತಾರೆ, ಅದೇ ನನ್ನ ಭಯ. ನಿಮ್ಮ ಪಟ್ಟಿಯಲ್ಲಿ ಹಾಗೆ ಆಗಬಾರದು.

ಮೂರನೇ ವರ್ಷದ ಹುಡುಗಿ ಬರೆದಿದ್ದನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. ಅವಳು ಟೈಲರಿಂಗ್ ಮಾಡುತ್ತಾಳೆ. ಏಪ್ರನ್ ಬಟ್ಟೆ ತಂದುಕೊಟ್ಟರೆ ಹೊಲಿಗೆಗೆ ದುಡ್ಡು ಬೇಡ ಅನ್ನುತ್ತಾಳೆ. ಒಬ್ಬೊಬ್ಬರಿಗೆ ಎರಡೆರಡು ಇರಲಿ, ಒದ್ದೆ ಹಾಕಿಕೊಂಡು ಹೋಗುವುದು ಬೇಡ.

ಹಟ್ಟಿಹುಡುಗ

ಅಕ್ಕನಿಗೆ ನನ್ನ ನಮಸ್ಕಾರ ತಿಳಿಸಿ ಸರ್.

ಕೈಗಡವೋ ದಾನವೋ ಅನ್ನುವುದಕ್ಕೆ ನಿನ್ನೆ ರಾತ್ರಿ ಅಮ್ಮನ ಹತ್ತಿರ ಫೋನಿನಲ್ಲಿ ಮಾತಾಡಿದೆ. ಅಮ್ಮ ಅಂದಿದ್ದು: "ಮುಯ್ಯಿ ಅನ್ನು, ಮುಗಿಯಿತು." ನಮ್ಮಲ್ಲಿ ಮದುವೆಗೆ ಮುಯ್ಯಿ ಮಾಡಿದರೆ ಪುಸ್ತಕದಲ್ಲಿ ಬರೆದಿಡುತ್ತಾರೆ. ಕೊಟ್ಟವರು ಕೇಳಲು ಬರುವುದಿಲ್ಲ, ಬಡ್ಡಿ ಇಲ್ಲ, ಗಡುವು ಇಲ್ಲ. ಅವರ ಮನೆಯಲ್ಲಿ ಕೆಲಸ ಬಿದ್ದಾಗ ನಾವು ಮಾಡುತ್ತೇವೆ. ಪಡೆದವರಿಗೆ ತಲೆ ತಗ್ಗಿಸುವ ಪ್ರಶ್ನೆಯೇ ಬರುವುದಿಲ್ಲ, ಯಾಕೆಂದರೆ ಊರಿನಲ್ಲಿ ಎಲ್ಲರ ಹೆಸರೂ ಯಾರದೋ ಒಬ್ಬರ ಪುಸ್ತಕದಲ್ಲಿ ಇದ್ದೇ ಇರುತ್ತದೆ.

ನಾವೂ ಹಾಗೇ ಮಾಡೋಣ. ತೆಗೆದುಕೊಂಡವರು ನಮಗೆ ವಾಪಸ್ ಕೊಡುವುದು ಬೇಡ. ಇಂಟರ್ನ್‌ಶಿಪ್ ಸ್ಟೈಪೆಂಡ್ ಬರುವಾಗಲೋ ಕೆಲಸ ಸಿಕ್ಕ ಮೇಲೋ ಮುಂದಿನ ಒಬ್ಬ ಮೊದಲ ವರ್ಷದವರಿಗೆ ಮುಯ್ಯಿ ಮಾಡಲಿ. ಆಗದಿದ್ದರೆ ಇಲ್ಲ, ಯಾರೂ ಫೋನ್ ಮಾಡಿ ಕೇಳುವುದಿಲ್ಲ. ಸದ್ಯಕ್ಕೆ ಟ್ರಸ್ಟು, ರಿಜಿಸ್ಟ್ರೇಷನ್ ಅಂತ ಹೊರಟರೆ ಈ ವರ್ಷದ ಮಕ್ಕಳಿಗೆ ಆಗುವುದಿಲ್ಲ. ಮೆಸ್ ದುಡ್ಡನ್ನು ಮೆಸ್ ಖಾತೆಗೇ ಕಟ್ಟೋಣ. ಸಾಮಾನನ್ನು ಸಾಮಾನಾಗಿಯೇ ಕೊಡೋಣ. ಕೈಗೆ ಒಂದಿಷ್ಟು ಕೊಡಬೇಕು, ಅದಕ್ಕೆ ಲೆಕ್ಕ ಕೇಳಬಾರದು. ಆ ದುಡ್ಡಿನಲ್ಲಿ ಒಬ್ಬಳು ಗೆಳತಿಯರ ಜೊತೆ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆ ತಿಂದರೂ ನನಗೆ ಸಂತೋಷವೇ. ನಾನು ಓದುವಾಗ ಎಲ್ಲರೂ ಹೋಟೆಲಿಗೆ ಹೊರಟಾಗ ಹೊಟ್ಟೆ ಸರಿಯಿಲ್ಲ ಅನ್ನುತ್ತಿದ್ದೆ.

ಮೂರನೇ ವರ್ಷದ ತಂಗಿ, ಟೂರು ಮುಂದಿನ ಬಾರಿ ಬಂದಾಗ ಜ್ವರ ಬರಬಾರದು. ನನಗೆ ಇಲ್ಲೇ ಮೆಸೇಜ್ ಮಾಡು.

ಸೈಬರ್ ಅಕ್ಕ, ಗಂಗಾನಗರ

ಹುಡುಗಿ ಇವತ್ತು ಅಪ್ಪನ ಜೊತೆ ಬಂದಿದ್ದಳು. ಆಧಾರ್‌ನಲ್ಲಿ ಅಪ್ಪನ ಹೆಸರಿನ ಒಂದು ಅಕ್ಷರ ತಪ್ಪಿತ್ತು. ತಿದ್ದಲು ಹಾಕಿಸಿದ್ದೇನೆ. ಖಾತೆಗೆ ಆಧಾರ್ ಜೋಡಣೆ ಆಗಿದೆ, ನಾನೇ ಎರಡು ಸಲ ನೋಡಿದೆ. ಅಜೀಂ ಪ್ರೇಮ್‌ಜಿ ಸ್ಕಾಲರ್‌ಶಿಪ್‌ಗೆ ಬೇಕಾದ ಕಾಗದವನ್ನೆಲ್ಲ ಒಂದು ಫೈಲಿನಲ್ಲಿ ಹಾಕಿ ಕೊಟ್ಟಿದ್ದೇನೆ. ಅವರಪ್ಪ ಚೀಲದಿಂದ ಒಂದು ಸೇರು ಕಡಲೆಕಾಯಿ ತೆಗೆದು ಟೇಬಲ್ ಮೇಲೆ ಇಟ್ಟರು. ಬೇಡ ಅಂದರೂ ಕೇಳಲಿಲ್ಲ.

ಹಟ್ಟಿಹುಡುಗ

ಅಕ್ಕಾ, ತುಂಬಾ ಉಪಕಾರ ಆಯಿತು.

ಇಲ್ಲಿಯವರೆಗೆ ಹದಿನೇಳು ಜನ ತಿಂಗಳಿಗೆ 500 ಅಂತ ಬರೆಸಿದ್ದಾರೆ. ಮೆಸ್ ಡೆಪಾಸಿಟ್ ನಿನ್ನೆ ಕಟ್ಟಿದ್ದೇವೆ. ಡಿಸೆಕ್ಷನ್ ಬಾಕ್ಸ್ ಒಬ್ಬ ಇಂಟರ್ನ್ ಕೊಟ್ಟ, ಕತ್ತರಿ ಮಾತ್ರ ಸಾಣೆ ಹಿಡಿಸಬೇಕು. ಏಪ್ರನ್ ಬಟ್ಟೆ ಶನಿವಾರ ಚಿಕ್ಕಪೇಟೆಯಿಂದ ತಂದು ನಾಗರಬಾವಿಗೆ ಮುಟ್ಟಿಸುತ್ತೇನೆ.

ಗಮ್ ಬೂಟು ಇನ್ನೂ ಸಿಕ್ಕಿಲ್ಲ. ಅವಳ ಕಾಲಿನ ಅಳತೆ 4. ಹಳೆಯದಿದ್ದರೂ ಪರವಾಗಿಲ್ಲ, ತೂತು ಇರಬಾರದು, ಅಳತೆ ಸರಿ ಇರಬೇಕು. ಇಲ್ಲದಿದ್ದರೆ ಹೊಸದೇ ತರುತ್ತೇನೆ. ಸೋಮವಾರ ಕ್ಲಾಸ್ ಶುರು.